ಕಂಪ್ಯೂಟರಿನಲ್ಲಿ ಹಾಗೇ ಇದೆಯಮ್ಮಾ

ಕಂಪ್ಯೂಟರಿನವರೆಂದರೆ ಕಾಗದ ಕಂಡರೆ ಆಗದವರು ಎಂದೇ ನಾನು ತಿಳಿದಿದ್ದೆ. ನನ್ನ ಮಗ, ಸೊಸೆ ಇಬ್ಬರೂ ಅದೇ ಪಂಗಡ. ಹಬ್ಬಕ್ಕೆ ಮನೆ ಚೊಕ್ಕಟ ಮಾಡುವಾಗಲೆಲ್ಲ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನ ಮೇಲೆ ಇಬ್ಬರ ಕಣ್ಣೂ ಬೀಳುತ್ತದೆ. "ಅಮ್ಮಾ, 1979ರ ಕೆ.ಇ.ಬಿ. ರಸೀದಿ ಯಾವ ಕಾಲಕ್ಕೆ ಬೇಕು? ಎಲ್ಲಾ ಆನ್‌ಲೈನಿನಲ್ಲಿ ಸಿಗುತ್ತೆ." ನಾನು ಮಾತಾಡದೆ ಮುಚ್ಚಳ ಹಾಕಿ, ಮೇಲೆ ಎರಡು ಹಾಸಿಗೆ ಪೇರಿಸಿಬಿಡುತ್ತೇನೆ.

2022ರಲ್ಲಿ ಜಯನಗರದ ನಮ್ಮ ಮನೆಯ ಮಹಡಿಗೆ ಹಾಲೆಂಡಿನ ಹೆಣ್ಣುಮಗಳೊಬ್ಬಳು ಬಾಡಿಗೆಗೆ ಬಂದಳು. ನೆದರ್‌ಲೆಂಡ್ಸ್ ಎನ್ನಬೇಕಂತೆ, ನನ್ನ ಬಾಯಿಗೆ ಹಾಲೆಂಡೇ ಸಲೀಸು. ನಲವತ್ತರ ಆಸುಪಾಸು, ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸ. ಬೆಳಗ್ಗೆ ಸೈಕಲ್ ಏರಿ ಹೊರಟರೆ ಬೀದಿಯ ನಾಯಿಗಳೆಲ್ಲ ಹಿಂದೆಯೇ. ಬಾಡಿಗೆ ಕರಾರಿನ ಕಾಗದ ತೆಗೆಯಲು ನಾನು ಟ್ರಂಕು ಇಳಿಸಿದಾಗ ಅವಳೂ ಬಗ್ಗಿ ನೋಡಿದಳು. ಕಂದಾಯದ ರಸೀದಿ, ಹಾಲಿನ ಕಾರ್ಡು, ಮಾವನವರ ಪಿಂಚಣಿ ಪುಸ್ತಕ, ಊರಿನ ಎರಡೆಕರೆಯ ಪಹಣಿ. ನಗುತ್ತಾಳೆಂದು ಮುಜುಗರಪಟ್ಟುಕೊಂಡೆ. ಅವಳು ನಗಲಿಲ್ಲ. "ಇದರಲ್ಲಿ ಒಂದನ್ನೂ ಎಸೆಯಬೇಡಿ" ಎಂದಳು. ಕಂಪ್ಯೂಟರಿನವಳ ಬಾಯಲ್ಲಿ ಈ ಮಾತು! ಅಂದು ಸಂಜೆ ಮಗನಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿಯೇ ಇತ್ತೆನ್ನಿ.

ಯಾಕೆ ಹಾಗೆಂದಳು ಎನ್ನುವುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅದಕ್ಕೆ ಮೊದಲು ನಮ್ಮ ಕಥೆ ಹೇಳಬೇಕು. ಯಾಕೆಂದರೆ ಈ ಕಂಪ್ಯೂಟರು ಬೆಂಗಳೂರಿನ ದಕ್ಷಿಣ ಭಾಗಕ್ಕೆ ಎಲ್ಲಿಂದಲೋ ಹಾರಿ ಬಂದದ್ದಲ್ಲ. ನಮ್ಮ ಕಣ್ಣೆದುರಿಗೇ, ನಾವು ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದ ಬೀದಿಗಳಲ್ಲೇ ಅದು ಅಂಬೆಗಾಲಿಟ್ಟದ್ದು.

ಜಯನಗರ ಹುಟ್ಟಿದ್ದು 1948ರಲ್ಲಿ. ನಾನು ಸೊಸೆಯಾಗಿ ಬಂದದ್ದು 1981ರಲ್ಲಿ. ಆಗ ಜೆ.ಪಿ. ನಗರದ ಕಡೆ ಹೋದರೆ ಇನ್ನೂ ರಾಗಿ ಹೊಲ ಸಿಗುತ್ತಿತ್ತು. ಬಿಟಿಎಂ ಎನ್ನುವ ಹೆಸರನ್ನು ಈಗಿನ ಹುಡುಗರು ಯಾವುದೋ ಕಂಪನಿಯ ಹೆಸರೆಂದುಕೊಂಡಿದ್ದಾರೆ. ಅದು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ. ಆ ಕಡೆ ಎಲ್ಲರಿಗೂ ಗೊತ್ತಿದ್ದ ಕಾರ್ಖಾನೆ ಎಂದರೆ ಆಡುಗೋಡಿಯ ಮೈಕೋ. ಜರ್ಮನಿಯ ಬಾಷ್ ಕಂಪನಿಯ ಸಂಬಂಧದಲ್ಲಿ 1951ರಲ್ಲಿ ಹುಟ್ಟಿದ ಕಂಪನಿ, ಡೀಸೆಲ್ ಎಂಜಿನ್ನಿಗೆ ಬೇಕಾದ ಪಂಪು, ಸ್ಪಾರ್ಕ್ ಪ್ಲಗ್ಗು ಮಾಡುತ್ತಿತ್ತು. ಮೈಕೋದಲ್ಲಿ ಕೆಲಸವಿರುವ ಹುಡುಗನೆಂದರೆ ಹೆಣ್ಣು ಹೆತ್ತವರು ಜಾತಕ ಕೂಡ ಸಡಿಲವಾಗಿ ನೋಡುತ್ತಿದ್ದ ಕಾಲ ಅದು. ಮೈಕೋ ಲೇಔಟ್ ಎಂಬ ಬಡಾವಣೆಯೇ ಎದ್ದಿತು.

ಇದೇ ಮೈಕೋ, ಪುಣೆಯಲ್ಲಿ 1981ರಲ್ಲಿ ಏಳು ಮಂದಿ ಎಂಜಿನಿಯರುಗಳು ಶುರುಮಾಡಿದ ಇನ್ಫೋಸಿಸ್ ಎಂಬ ಪುಟ್ಟ ಕಂಪನಿಗೆ ದೇಶದೊಳಗಿನ ಮೊದಲ ಗಿರಾಕಿಯಾಯಿತು. ಸುಧಾ ಮೂರ್ತಿಯವರು ಕೂಡಿಟ್ಟಿದ್ದ 10,000 ರೂಪಾಯಿ ಗಂಡನ ಕೈಗೆ ಕೊಟ್ಟ ಕಥೆ ನಿಮಗೆಲ್ಲ ಗೊತ್ತೇ ಇದೆ. ಮೈಕೋದ ಕೆಲಸ ಸಿಕ್ಕಿದ ಮೇಲೆ 1983ರಲ್ಲಿ ಇನ್ಫೋಸಿಸ್ ಬೆಂಗಳೂರಿಗೆ ಬಂತು. ಅವರ ಮೊದಲ ದೊಡ್ಡ ಯಂತ್ರ ಅಮೆರಿಕದ ಡೇಟಾ ಜನರಲ್ ಕಂಪನಿಯ ಎಂವಿ 8000. ಆಗಿನ ಸರ್ಕಾರದ ನಿಯಮದಲ್ಲಿ ಒಂದು ಕಂಪ್ಯೂಟರ್ ತರಿಸಲು ಪರವಾನಗಿ ಪಡೆಯುವುದೆಂದರೆ ದೆಹಲಿಗೆ ಲೆಕ್ಕವಿಲ್ಲದಷ್ಟು ಸಲ ಅಲೆದಾಟ, ವರ್ಷಗಟ್ಟಲೆ ಕಾಯುವಿಕೆ. ಟೆಲಿಫೋನಿಗೂ ಹಾಗೆಯೇ. ನಾರಾಯಣ ಮೂರ್ತಿಯವರು ಇದನ್ನು ಎಷ್ಟೋ ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ. ನನಗೇನೂ ಆಶ್ಚರ್ಯವಾಗಲಿಲ್ಲ. ಆ ಕಾಲದಲ್ಲಿ ಗ್ಯಾಸ್ ಸಿಲಿಂಡರಿಗೆ ಹೆಸರು ಬರೆಸಿ ಕಾದವರೆಲ್ಲ ಸ್ವಲ್ಪ ಮಟ್ಟಿಗೆ ನಾರಾಯಣ ಮೂರ್ತಿಗಳೇ.

ಕಾಯುವುದೇ ಆಗ ಹೆಂಗಸರ ಉದ್ಯೋಗವಾಗಿತ್ತು. ಗಂಡಸರು ಆಫೀಸಿಗೆ ಹೋದ ಮೇಲೆ ಕರೆಂಟ್ ಬಿಲ್ಲಿನ ಸಾಲು, ನೀರಿನ ಬಿಲ್ಲಿನ ಸಾಲು, ಸೀಮೆಎಣ್ಣೆಯ ಸಾಲು. ಒಂದೊಂದು ಕಿಟಕಿಗೆ ಒಂದೊಂದು ದಿನ. ಹೆಣೆಯುವ ಕಡ್ಡಿ, ಉಲ್ಲನ್ನು ಜೊತೆಗೆ ಒಯ್ಯುತ್ತಿದ್ದೆ. ಮಗನ ಮೊದಲ ಸ್ವೆಟರು ಪೂರ್ತಿ ಸರದಿಯಲ್ಲೇ ಮುಗಿಯಿತು. 2005ರ ಏಪ್ರಿಲಿನಲ್ಲಿ ಬೆಂಗಳೂರು ಒನ್ ಕೇಂದ್ರಗಳು ತೆರೆದು, ಎಲ್ಲ ಬಿಲ್ಲುಗಳನ್ನೂ ಒಂದೇ ಕಡೆ ಕಟ್ಟಬಹುದೆಂದಾಗ ನಾನು ಮೊದಲ ವಾರವೇ ಹೋಗಿ ಬಂದೆ. ತಣ್ಣನೆಯ ಹಾಲ್, ಕೂರಲು ಕುರ್ಚಿ, ಹತ್ತು ನಿಮಿಷದಲ್ಲಿ ಮೂರು ರಸೀದಿ. ಹೊರಗೆ ಬಂದ ಮೇಲೆ ಉಳಿದ ಬೆಳಗನ್ನು ಏನು ಮಾಡುವುದೆಂದು ತಿಳಿಯದೆ ಅಲ್ಲೇ ಎಳನೀರು ಕುಡಿದು ನಿಂತಿದ್ದೆ. ಯಂತ್ರವನ್ನು ಬೈಯುವವರು ಆ ಎಳನೀರಿನ ರುಚಿಯನ್ನೂ ನೆನಪಿಟ್ಟುಕೊಳ್ಳಬೇಕು.

ಅದಕ್ಕಿಂತ ದೊಡ್ಡ ಬದಲಾವಣೆ ಹಳ್ಳಿಯಲ್ಲಾಯಿತು. ನಮ್ಮ ಮಾವನವರು ಹಾಸನ ಜಿಲ್ಲೆಯವರು, ಶಾಲೆಯ ಮೇಷ್ಟ್ರಾಗಿದ್ದವರು. ಅತ್ತೆಯವರ ಹೆಸರಿನಲ್ಲಿ ಊರಲ್ಲಿ ಎರಡೆಕರೆ. ಜಮೀನಿನ ಲೆಕ್ಕ ಹಿಂದೆ ಶಾನುಭೋಗರ ಕೈಯಲ್ಲಿತ್ತು. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯಿದೆ ತೆಗೆದ ಮೇಲೆ ಗ್ರಾಮ ಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000. ಪಹಣಿ ಬೇಕೆಂದರೆ ಅವರನ್ನು ಹುಡುಕಬೇಕು. ಸಿಕ್ಕಿದರೆ ಪುಸ್ತಕ ಸಿಗುವುದಿಲ್ಲ, ಪುಸ್ತಕ ಸಿಕ್ಕಿದರೆ ಅವರ ಮನಸ್ಸು ಸಿಗುವುದಿಲ್ಲ. ಎಲ್ಲರೂ ಕೆಟ್ಟವರೆಂದು ಹೇಳಲಾರೆ. ಆದರೆ ಒಂಟಿ ಹೆಂಗಸು, ವಿಧವೆ ಹೋಗಿ ನಿಂತರೆ "ಮನೆಯಲ್ಲಿ ಗಂಡಸರನ್ನು ಕಳಿಸಿ" ಎನ್ನುವ ಮಾತಂತೂ ಖಂಡಿತ. ದಾಯಾದಿಗಳು ಲೆಕ್ಕಿಗನೊಬ್ಬನನ್ನು ಒಲಿಸಿಕೊಂಡರೆ ಹೆಣ್ಣಿನ ಹೆಸರು ಪುಸ್ತಕದಿಂದ ಸದ್ದಿಲ್ಲದೆ ಜಾರಿಹೋಗುತ್ತಿತ್ತು.

ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಮೇಲ್ವಿಚಾರಣೆಯಲ್ಲಿ ಕರ್ನಾಟಕ ಸರ್ಕಾರ ತಂದ ಭೂಮಿ ಯೋಜನೆ, 2000ದಿಂದ ಒಂದೆರಡು ವರ್ಷಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ. 2002ರಲ್ಲಿ ಅತ್ತೆಯವರು ನನ್ನನ್ನು ಕರೆದುಕೊಂಡು ಹೋಗಿ ಅದನ್ನು ತಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಹಾಳೆಯನ್ನು ಮಡಿಚಲೇ ಇಲ್ಲ. ತಮ್ಮ ಹೆಸರು ಅಚ್ಚಾಗಿದ್ದನ್ನು ಅವರು ಲಗ್ನಪತ್ರಿಕೆಯಲ್ಲಿ ಬಿಟ್ಟರೆ ನೋಡಿದ್ದು ಅದೇ ಮೊದಲು.

ಭೂಮಿ ಯೋಜನೆಯಲ್ಲಿ ಒಂದು ಜಾಣತನವಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ದಾಖಲೆ ತಿದ್ದುವ ನೌಕರ ಕಂಪ್ಯೂಟರಿನ ಮುಂದೆ ಕೂರಬೇಕಾದರೆ ತನ್ನ ಬೆರಳನ್ನು ಯಂತ್ರದ ಮೇಲೆ ಒತ್ತಬೇಕಾಗಿತ್ತು. ಬರಿಯ ಗುಟ್ಟಿನ ಪದವಾದರೆ "ಬೇರೆ ಯಾರೋ ಮಾಡಿದರು ಸ್ವಾಮಿ" ಎನ್ನಬಹುದಲ್ಲ. ಬೆರಳನ್ನು ಬೇರೆಯವರಿಗೆ ಎರವಲು ಕೊಡಲಾಗುವುದಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನೂ ಬಂದ ಸರದಿಯಲ್ಲೇ ಮುಗಿಸಬೇಕು, ಹಿಂದಿನದನ್ನು ಮುಂದೆ ತರುವ ಹಾಗಿಲ್ಲ. ಅಂದರೆ ಆ ದಿನಗಳಲ್ಲಿ ಯಂತ್ರ ಮೊದಲು ಬೆರಳು ಕೇಳಿದ್ದು ಸರ್ಕಾರದವರನ್ನು. ಪ್ರಜೆಯನ್ನಲ್ಲ.

ಈ ನಡುವೆ 1999ರ ಡಿಸೆಂಬರ್ 31ರ ರಾತ್ರಿ ಎಂಬುದೊಂದು ಬಂದು ಹೋಯಿತು. ಜಾಗ ಉಳಿಸಲೆಂದು ಇಸವಿಯ ಕೊನೆಯ ಎರಡೇ ಅಂಕಿ ಬರೆಯುತ್ತಿದ್ದ ಹಳೆಯ ಕಂಪ್ಯೂಟರುಗಳು 2000ವನ್ನು 1900 ಎಂದುಕೊಂಡು ಲೋಕವನ್ನೇ ಅಲ್ಲೋಲಕಲ್ಲೋಲ ಮಾಡುತ್ತವೆಂಬ ಹೆದರಿಕೆ. ಅದನ್ನು ಸರಿಪಡಿಸುವ ಕೆಲಸದಿಂದಲೇ ಬೆಂಗಳೂರಿನ ಎಷ್ಟೋ ಕಂಪನಿಗಳು ಬೆಳೆದವು. ನಮ್ಮ ಬೀದಿಯ ಹುಡುಗರು ಆ ರಾತ್ರಿ ಮನೆಗೇ ಬರಲಿಲ್ಲ. ಬೆಳಗಾದಾಗ ಹಾಲೂ ಬಂತು, ಪೇಪರೂ ಬಂತು. ಅತ್ತೆ "ಇಷ್ಟೇನಾ?" ಎಂದರು.

ಅತ್ತೆಯವರ ಪಾಲಿನ ಪ್ರಳಯ ಬಂದದ್ದು ಇಪ್ಪತ್ತು ವರ್ಷ ತಡವಾಗಿ.

ಮಾವನವರು ಹೋದ ಮೇಲೆ ಅವರಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ದೊಡ್ಡ ಮೊತ್ತವಲ್ಲ. ಆದರೆ ಮೊಮ್ಮಗಳಿಗೆ ಹಬ್ಬದ ಲಂಗ, ಹೂವಿನವಳಿಗೆ ಸೀರೆ, ಮಗಳು ಬಂದಾಗ ಕೈಗಿಡುವ ನೋಟು, ಎಲ್ಲ ಅದರಿಂದಲೇ. ನಮ್ಮ ಹತ್ತಿರ ಒಂದು ರೂಪಾಯಿ ಕೇಳಿದವರಲ್ಲ. ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಬದುಕಿದ್ದೇವೆಂದು ರುಜುವಾತು ಕೊಡಬೇಕು. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಜೀವನ್ ಪ್ರಮಾಣ್ ಎಂಬ ಏರ್ಪಾಡು ತಂದು, ಆಧಾರ್ ಮೂಲಕ ಬೆರಳೊತ್ತಿ ಇದನ್ನು ಮುಗಿಸಬಹುದೆಂದಿತು. ನಡೆಯಲಾರದ ಮುದುಕರಿಗೆ ಅನುಕೂಲವಾಗಲೆಂದೇ ಮಾಡಿದ್ದು. ಕಾಗದದ ಪ್ರಮಾಣಪತ್ರವನ್ನು ರದ್ದು ಮಾಡಿರಲಿಲ್ಲ, ಅದೂ ನಡೆಯುತ್ತಿತ್ತು. ಆದರೆ ಹೊಸ ಯಂತ್ರ ಮೇಜಿನ ಮೇಲೆ ಬಂದು ಕೂತ ಮೇಲೆ ಹಳೆಯ ದಾರಿ ಕೆಲವರಿಗೆ ಮರೆತೇ ಹೋಗುತ್ತದೆ.

2019ರ ನವೆಂಬರ್. ಅತ್ತೆಗೆ 82 ವರ್ಷ. ಪಿಂಚಣಿ ಬರುತ್ತಿದ್ದ ಬ್ಯಾಂಕಿನಲ್ಲಿ ಯುವಕನೊಬ್ಬ ಪುಟ್ಟ ಯಂತ್ರ ಮುಂದಿಟ್ಟ. ಬಲ ಹೆಬ್ಬೆರಳು. ಕೆಂಪು ದೀಪ. ಎಡ ಹೆಬ್ಬೆರಳು. ಕೆಂಪು ದೀಪ. ಹತ್ತೂ ಬೆರಳಾಯಿತು. ಅರವತ್ತು ವರ್ಷ ರುಬ್ಬುಗುಂಡು ತಿರುವಿ, ಬೂದಿ ಹಾಕಿ ಪಾತ್ರೆ ಉಜ್ಜಿ, ರಂಗೋಲಿಯ ಕಲ್ಲುಪುಡಿ ಹಿಡಿದ ಬೆರಳುಗಳು. ಗೆರೆ ಎಲ್ಲಿಂದ ಬರಬೇಕು? "ಕಂಪ್ಯೂಟರ್ ತಗೊಳ್ತಾ ಇಲ್ಲಮ್ಮಾ, ಮುಂದಿನ ವಾರ ಬನ್ನಿ." "ನಾನು ಇಲ್ಲೇ ಕೂತಿದ್ದೀನಲ್ಲಪ್ಪಾ" ಎಂದರು ಅತ್ತೆ. ಆ ಹುಡುಗ ಅವರ ಮುಖ ನೋಡಲಿಲ್ಲ. ಕೆಟ್ಟವನಲ್ಲ, ಪರದೆ ನೋಡುತ್ತಿದ್ದ. ಮುಂದಿನ ವಾರವೂ ಅಷ್ಟೆ. ಜನವರಿಯಲ್ಲಿ ಹೋದಾಗ "ಜೀವಂತ ಇದ್ದಾರೆ ಅಂತ ಇಲ್ಲ, ಕಂಪ್ಯೂಟರಿನಲ್ಲಿ ಹಾಗೇ ಇದೆಯಮ್ಮಾ" ಎಂದ. ಪಿಂಚಣಿ ನಿಂತಿತ್ತು.

ಆ ದಿನಗಳಲ್ಲಿ ಅತ್ತೆ ರಾತ್ರಿ ಎಲ್ಲರೂ ಮಲಗಿದ ಮೇಲೆ ದೇವರ ಮನೆಯ ಮುಂದೆ ಕೂತು ಬೆರಳ ತುದಿಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಒಂದೊಂದೇ ಬೆರಳು, ಮೆಲ್ಲಗೆ. ಮಾತಾಡಿಸಲು ಧೈರ್ಯ ಬರಲಿಲ್ಲ. ಸಂಕ್ರಾಂತಿಗೆ ಹೂವಿನವಳು ಬಂದಾಗ ಅವರು ಒಳಗಿಂದ ಹೊರಗೇ ಬರಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರೆಂದು ನನಗೆ ಗೊತ್ತಾದದ್ದು ಶೀಷೆ ಲೆಕ್ಕಕ್ಕಿಂತ ಹೆಚ್ಚು ದಿನ ಬಂದಾಗ. ಮಗನ ದುಡ್ಡಿನ ಮಾತ್ರೆ ಸಾಕಾಗುವಷ್ಟು ಮನೆಯಲ್ಲಿತ್ತು. ಅವರಿಗೆ ಅದು ತಮ್ಮ ದುಡ್ಡಿನ ಮಾತ್ರೆ ಆಗಿರಬೇಕಿತ್ತು.

ಕೊನೆಗೆ ಟ್ರಂಕು ಕಾಪಾಡಿತು. ಹಳೆಯ ವರ್ಷಗಳ ಕಾಗದದ ಪ್ರಮಾಣಪತ್ರಗಳ ನಕಲು ಅದರಲ್ಲಿತ್ತು. ಅದನ್ನು ಹಿಡಿದು ಅದೇ ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರ ಬಾಗಿಲಿಗೆ ಹೋದೆವು. ಆಕೆ ನಿವೃತ್ತಿಯ ಅಂಚಿನಲ್ಲಿದ್ದವರು. ಎದ್ದು ಬಂದು ಅತ್ತೆಯ ಕೈಹಿಡಿದು ಕೂರಿಸಿದರು, ಊರು ಯಾವುದೆಂದು ಕೇಳಿದರು, ಒಂದು ಫಾರಂ ತರಿಸಿ ಸಹಿ ಹಾಕಿದರು. ಐದು ನಿಮಿಷ. ಬಾಕಿ ಹಣ ಮಾರ್ಚಿನಲ್ಲಿ ಬಂತು. ಅತ್ತೆ 2021ರ ಬೇಸಗೆಯಲ್ಲಿ ತೀರಿಕೊಂಡರು. ಅದೇ ನವೆಂಬರಿನಲ್ಲಿ, ಬೆರಳಿನ ಬದಲು ಮುಖ ನೋಡಿ ಗುರುತಿಸುವ ಏರ್ಪಾಡನ್ನು ಸರ್ಕಾರ ಪಿಂಚಣಿದಾರರಿಗೆ ತಂದಿತು ಎಂದು ಪೇಪರಿನಲ್ಲಿ ಓದಿದೆ.

ಇದನ್ನೆಲ್ಲ ನಾನು ಮಹಡಿಯವಳಿಗೆ ಒಂದು ಮಳೆಗಾಲದ ಸಂಜೆ ಬಿಸಿ ಬೋಂಡದ ಜೊತೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ತನ್ನ ದೇಶದ ಕಥೆ ಹೇಳಿದಳು.

ಅವರಲ್ಲಿ ದುಡಿಯುವ ತಾಯಂದಿರು ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟರೆ ಖರ್ಚಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಅದರಲ್ಲಿ ಮೋಸ ನಡೆಯುತ್ತಿದೆಯೆಂದು ತೆರಿಗೆ ಇಲಾಖೆಗೆ ಗುಮಾನಿ. 2013ರಿಂದ, ಯಾರ ಅರ್ಜಿ ಅನುಮಾನಾಸ್ಪದ ಎಂದು ಆರಿಸಲು ತಾನೇ ಕಲಿಯುವ ಒಂದು ಕಂಪ್ಯೂಟರ್ ಏರ್ಪಾಡನ್ನು ಬಳಸಿದರು. ಅರ್ಜಿದಾರರು ಡಚ್ ಪ್ರಜೆಯೋ ಅಲ್ಲವೋ ಎನ್ನುವುದೂ ಅದರ ಲೆಕ್ಕದಲ್ಲಿ ಸೇರಿತ್ತು. ಒಂದು ಸಹಿ ಬಿಟ್ಟಿದ್ದರೂ, ಒಂದು ಕಾಗದ ಕಡಿಮೆಯಿದ್ದರೂ, ಅಷ್ಟು ವರ್ಷ ಕೊಟ್ಟ ಹಣವನ್ನೆಲ್ಲ ಹಿಂದಿರುಗಿಸಿ ಎಂಬ ನೋಟೀಸು. ಹತ್ತಾರು ಸಾವಿರ ಯೂರೋ. ಯಾಕೆಂದು ಕೇಳಿದರೆ ಕಾರಣ ಹೇಳುವವರಿಲ್ಲ. 20,000ಕ್ಕೂ ಹೆಚ್ಚು ಕುಟುಂಬಗಳು ಸಾಲದಲ್ಲಿ ಮುಳುಗಿದವು, ಮನೆ ಮಾರಿದವು, ದಾಂಪತ್ಯಗಳು ಮುರಿದವು. ಆ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ತಂದೆತಾಯಿಯಿಂದ ಬೇರೆ ಕಡೆ ಇರಿಸಿದ್ದೂ ಆಯಿತು. ಎಲ್ಲ ಬಯಲಾಗಿ, 2021ರ ಜನವರಿ 15ರಂದು ಅವರ ಪ್ರಧಾನಿ ಮಾರ್ಕ್ ರುಟ್ಟೆಯ ಸರ್ಕಾರ ರಾಜೀನಾಮೆ ಕೊಟ್ಟಿತು.

"ನಮ್ಮ ಓಣಿಯಲ್ಲಿದ್ದ ಒಬ್ಬ ತಾಯಿಗೆ ಹೀಗಾಯಿತು. ಅವಳ ಹತ್ತಿರ ಎಲ್ಲ ರಸೀದಿಗಳಿದ್ದವು. ಎರಡು ಸಲ ಕಳಿಸಿದಳು. ತಲುಪಿಲ್ಲ ಎಂದರು. ಅಂಥ ಏರ್ಪಾಡುಗಳನ್ನು ಕಟ್ಟುವ ಕೆಲಸವೇ ನನ್ನದು. ಅಲ್ಲಿಂದಾಚೆಗೆ ನಾನು ಯಾವ ಕೆಲಸ ಒಪ್ಪಿದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ತಪ್ಪಿದಾಗ ಜನ ಹೋಗಿ ನಿಲ್ಲುವ ಬಾಗಿಲು ಯಾವುದು? ಬಹಳ ಸಲ ಉತ್ತರವೇ ಇರುವುದಿಲ್ಲ" ಎಂದಳು.

2024ರ ಜನವರಿಯಲ್ಲಿ, ಅವಳು ಇನ್ನೂ ನಮ್ಮ ಮಹಡಿಯಲ್ಲೇ ಇದ್ದಾಗ, ಇಂಗ್ಲೆಂಡಿನ ಟಿ.ವಿ.ಯಲ್ಲಿ ಬಂದ ಧಾರಾವಾಹಿಯೊಂದು ಅಲ್ಲಿನ ಅಂಚೆ ಕಚೇರಿಯ ಹಗರಣವನ್ನು ಮನೆಮನೆಯ ಮಾತಾಗಿಸಿತು. ಅಲ್ಲಿ ಸಣ್ಣ ಊರುಗಳ ಅಂಚೆ ಕಚೇರಿಗಳನ್ನು ಕಿರಾಣಿ ಅಂಗಡಿಯ ಜೊತೆ ನಡೆಸುವವರು ಹೆಚ್ಚಾಗಿ ಸಾಮಾನ್ಯ ಜನ. 1999ರಲ್ಲಿ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ಬಂತು. ಅದರ ದೋಷದಿಂದ ಇಲ್ಲದ ಹಣ ಕಡಿಮೆ ಬಿದ್ದಂತೆ ತೋರಿಸಿತು. ಕಂಪ್ಯೂಟರು ಸರಿಯಾಗಿಯೇ ನಡೆಯುತ್ತಿತ್ತೆಂದು ಸಾಬೀತು ಮಾಡಬೇಕೆಂಬ ನಿಯಮವನ್ನು ಆ ದೇಶ 1999ರ ಕಾಯಿದೆಯಲ್ಲೇ ಕೈಬಿಟ್ಟಿತ್ತು. ಹಾಗಾಗಿ ಯಂತ್ರ ಹೇಳಿದ್ದೇ ಸಾಕ್ಷಿ. 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕದ ಪಟ್ಟ.

ಅವರಲ್ಲಿ ಭಾರತ ಮೂಲದ ಸೀಮಾ ಮಿಶ್ರಾ ಒಬ್ಬರು. ಸರ್ರೆ ಪ್ರಾಂತದ ವೆಸ್ಟ್ ಬೈಫ್ಲೀಟ್ ಎಂಬಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದವರು. 74,000 ಪೌಂಡು ಕದ್ದರೆಂದು 2010ರ ನವೆಂಬರಿನಲ್ಲಿ 15 ತಿಂಗಳ ಸಜೆ. ಅಂದು ಅವರ ಮಗನ ಹತ್ತನೆಯ ಹುಟ್ಟುಹಬ್ಬ. ಹೊಟ್ಟೆಯಲ್ಲಿ ಎರಡು ತಿಂಗಳ ಕೂಸು. ನಿರಪರಾಧಿಯೆಂದು ಮೇಲಿನ ನ್ಯಾಯಾಲಯ ಹೇಳಿದ್ದು 2021ರ ಏಪ್ರಿಲಿನಲ್ಲಿ. 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಉಳಿದವರ ಶಿಕ್ಷೆಗಳನ್ನೂ ಒಟ್ಟಾಗಿ ಅಳಿಸಬೇಕಾಯಿತು. 2025ರ ಜುಲೈಯಲ್ಲಿ ಬಂದ ವಿಚಾರಣಾ ವರದಿಯ ಮೊದಲ ಸಂಪುಟ, ಈ ಕಾರಣಕ್ಕೆ ಕನಿಷ್ಠ 13 ಮಂದಿ ಪ್ರಾಣ ಕಳೆದುಕೊಂಡಿರಬಹುದು ಎಂದಿದೆ. ಲೆಕ್ಕ ತಪ್ಪುತ್ತಿದೆಯೆಂದು ದೂರು ಹೇಳಿದ ಒಬ್ಬೊಬ್ಬರಿಗೂ "ನಿಮಗೊಬ್ಬರಿಗೇ ಹೀಗಾಗುತ್ತಿರುವುದು" ಎಂದು ಸಹಾಯವಾಣಿಯವರು ಹೇಳಿದ್ದರಂತೆ. ಇದನ್ನು ಓದಿದಾಗ ನನಗೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅತ್ತೆಗೂ ತಪ್ಪು ತಮ್ಮ ಬೆರಳಿನದೇ ಎನಿಸಿತ್ತಲ್ಲ.

ಆದರೂ ಮಹಡಿಯವಳ ಎಲ್ಲ ಮಾತಿಗೂ ನಾನು ತಲೆಯಾಡಿಸಲಿಲ್ಲ. ಸರ್ಕಾರದ ಕೆಲಸವೆಲ್ಲ ಮತ್ತೆ ಮನುಷ್ಯರ ಕೈಗೇ ಹೋಗಲಿ ಎನ್ನುವ ಹಾಗೆ ಒಮ್ಮೊಮ್ಮೆ ಮಾತಾಡುತ್ತಿದ್ದಳು. ಅವಳ ದೇಶದಲ್ಲಿ ಗುಮಾಸ್ತ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದನೋ ಏನೋ. ನಮ್ಮಲ್ಲಿ ಮನುಷ್ಯರ ಕಿಟಕಿ ಹೇಗಿತ್ತೆಂದು ನಾನು ಅವಳಿಗೆ ವಿವರಿಸಿದೆ. ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ದೇವರ ಹಾಗೆಯೇ ಅದೂ ಕಣ್ಣಿಗೆ ಕಾಣುತ್ತಿರಲಿಲ್ಲ. ಅತ್ತೆಯ ಎರಡೆಕರೆ ಅತ್ತೆಯ ಹೆಸರಿನಲ್ಲಿ ಉಳಿದದ್ದು ಯಂತ್ರದಿಂದ. ಅತ್ತೆಯ ಪಿಂಚಣಿ ನಿಂತದ್ದೂ ಯಂತ್ರದಿಂದ. ಎರಡಕ್ಕೂ ನಾನೇ ಸಾಕ್ಷಿ. ಭೂಮಿಯ ಕಿಟಕಿಯಲ್ಲಿ ಬೆರಳೊತ್ತಿದವನು ಕುರ್ಚಿಯಲ್ಲಿದ್ದವನು, ಬ್ಯಾಂಕಿನಲ್ಲಿ ಬೆರಳೊತ್ತಿದವರು ಕುರ್ಚಿಯ ಎದುರಿಗಿದ್ದವರು. ಇಷ್ಟೇ ವ್ಯತ್ಯಾಸವೋ ಏನೋ ಎಂದಾಗ ಅವಳು ತನ್ನ ಪುಟ್ಟ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು. ನನಗೆ ನಾಚಿಕೆಯಾಯಿತು.

ಆಧಾರ್ ಶುರುವಾದಾಗ ಅದರ ಚುಕ್ಕಾಣಿ ಹಿಡಿದ ನಂದನ್ ನಿಲೇಕಣಿಯವರು ಇನ್ಫೋಸಿಸ್ಸಿನ ಆ ಏಳು ಮಂದಿಯಲ್ಲೇ ಒಬ್ಬರು. ಆಡುಗೋಡಿಯ ಆ ಯಂತ್ರದಿಂದ ಅತ್ತೆಯ ಹೆಬ್ಬೆರಳಿನವರೆಗೆ ಹೀಗೊಂದು ದಾರಿಯಿದೆ. ಬೆರಳು ಹೊಂದದ ಮಾತ್ರಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದು ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನ ತೀರ್ಪಿನಲ್ಲೇ ಹೇಳಿತ್ತು. ಅತ್ತೆಯ ಕಥೆ ನಡೆದದ್ದು ಅದರ ಮರುವರ್ಷ. ದೆಹಲಿಯಿಂದ ಜಯನಗರಕ್ಕೆ ತೀರ್ಪು ನಡೆದುಕೊಂಡು ಬರುತ್ತದೆಂದು ಕಾಣುತ್ತದೆ.

ಹಾಲೆಂಡಿನವಳು 2024ರ ಕೊನೆಗೆ ಊರಿಗೆ ಹೊರಟಳು. ಹೋಗುವಾಗ ಅಡ್ವಾನ್ಸ್ ಹಣದ ರಸೀದಿಗೆ ಎರಡು ಪ್ರತಿ ಮಾಡಿಸಿ, ಒಂದನ್ನು ತಾನೇ ಏಣಿ ಹತ್ತಿ ಟ್ರಂಕಿನಲ್ಲಿ ಇಟ್ಟಳು. ಅದೇ ಸಮಯಕ್ಕೆ ಬೆಂಗಳೂರಿನಲ್ಲಿ ಇ-ಖಾತಾ ಗಲಾಟೆ ಶುರುವಾಗಿತ್ತು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವೂ ಕೆಲವು ದಿನ ಮುಗ್ಗರಿಸಿತು. ಯಾರೋ ಬೇಕೆಂದೇ ಹುಸಿ ಅರ್ಜಿಗಳ ಜನಜಂಗುಳಿ ಎಬ್ಬಿಸಿದರೆಂದು ಸರ್ಕಾರ ಹೇಳಿತು. ಆಮೇಲೆ ಅದೇ ವರ್ಷ ಮಹಾನಗರ ಪಾಲಿಕೆಯೇ ಐದು ತುಂಡಾಗಿ ನಾವು ದಕ್ಷಿಣ ಪಾಲಿಕೆಯವರಾದೆವು.

ನಮ್ಮ ಮನೆಯ ಕಾಗದವೊಂದರ ಕರಡು ಮೊನ್ನೆ ಮಗನ ಫೋನಿಗೆ ಬಂತು. ಅತ್ತೆಯವರ ಹೆಸರಿನಲ್ಲಿ ಒಂದು ದೀರ್ಘ ಬಿದ್ದುಹೋಗಿದೆ. "ತಿದ್ದಬಹುದಮ್ಮ, ಹಳೆಯ ದಾಖಲೆ ಅಪ್‌ಲೋಡ್ ಮಾಡಬೇಕು" ಎಂದ. ಯಾವುದು ಎಂದೆ. ಅವನು ಸ್ವಲ್ಪ ಹೊತ್ತು ಕೆಮ್ಮಿ, "ಆ ಟ್ರಂಕಿನಲ್ಲಿ ಏನಾದರೂ ಇರಬಹುದಾ ನೋಡ್ತೀಯಾ?" ಎಂದ.

ಹಾಸಿಗೆಗಳನ್ನು ಇಳಿಸು ಎಂದೆ.